ಭೀಮೆಯ ಲೆಕ್ಕ ಉಜನಿಯಿಂದ ಶುರುವಾಗೋದಲ್ಲ

ಮಾನ್ಯ ಸಂಪಾದಕರೇ,

ಭೀಮಾ ನದಿ ಬತ್ತಿದಾಗ ನಮ್ಮ ಅಫಜಲಪುರ ತಾಲ್ಲೂಕಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು, ಮಹಾರಾಷ್ಟ್ರದ ಉಜನಿ ಅಣೆಕಟ್ಟು. 'ಉಜನಿದಿಂದ ನೀರು ಬಿಟ್ಟಾರೇನು?' 'ಉಜನಿ ಮೈನಸ್‌ಗೆ ಹೋಗ್ಯದಂತ.' ಹೊಳೆ ತುಂಬಿ ಬಂದಾಗಲೂ ಅದೇ ಹೆಸರು, ಬೈಗುಳ ಮಾತ್ರ ಬೇರೆ. ಸುದ್ದಿಯಲ್ಲೂ ಹಾಗೇ. ಭೀಮೆ ಉಜನಿ ಗೇಟಿನಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನ ಸೊನ್ನ ಬ್ಯಾರೇಜಿನಲ್ಲಿ ಮುಗಿದುಹೋಗುತ್ತಾಳೆ. ನಿಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ, ಬೇಸರ ಮಾಡ್ಕೋಬೇಡಿ.

ಉಜನಿಗಿಂತ ಮೇಲೆ ಒಂದು ಗುಡ್ಡ ಇದೆ. ಗುಡ್ಡದ ಮೇಲೆ ಕಾಡು ಇದೆ. ಅದಕ್ಕೆ ಸರ್ಕಾರದ ರಕ್ಷಣೆಯೂ ಇದೆ. ನಮ್ಮ ಕಡೆಯ ಜನ ದೇವರ ಹೆಸರಿನಲ್ಲಿ ಆ ಗುಡ್ಡಕ್ಕೆ ವರ್ಷವರ್ಷ ಹೋಗಿ ಬರುತ್ತಾರೆ. ಆದರೆ ನೀರಿನ ಮಾತು ಬಂದಾಗ ಅದರ ಹೆಸರನ್ನೇ ಎತ್ತುವುದಿಲ್ಲ. ಅದು ಭೀಮೆ ಹುಟ್ಟುವ ಜಾಗ, ಪುಣೆ ಜಿಲ್ಲೆಯ ಭೀಮಾಶಂಕರ.

ನಾನು ಕ್ರೂಸರ್ ಗಾಡಿ ಓಡಿಸುವವನು. ಹೊಳೆ ದಂಡೆಗೆ ಸ್ವಲ್ಪ ಎರೆ ಹೊಲ ಇದೆ. ತೊಗರಿ, ಜೋಳ, ಒಂದಿಷ್ಟು ಕಬ್ಬು. ಹೊಲ ನೋಡಿಕೊಳ್ಳೋದು ತಮ್ಮ, ನನ್ನದು ಸ್ಟೇರಿಂಗ್. ತುಳಜಾಪುರ, ಅಕ್ಕಲಕೋಟೆ, ಪಂಢರಪುರ, ಶಿರಡಿ ನನ್ನ ಕಾಯಂ ದಾರಿಗಳು. ಶ್ರಾವಣ ಮತ್ತು ಶಿವರಾತ್ರಿ ಬಂದರೆ ಭೀಮಾಶಂಕರಕ್ಕೆ ಬುಕಿಂಗ್ ಜಾಸ್ತಿ. ಹೋದ ಮಂದಿ ದರ್ಶನದ ಸಾಲಿನಲ್ಲಿ ನಿಂತಾಗ ಡ್ರೈವರ್‌ಗೆ ಏನು ಕೆಲಸ? ಪಾರ್ಕಿಂಗ್‌ನಲ್ಲಿ ಗಾಡಿ ಬಿಟ್ಟು ಅಲ್ಲಿಯ ಜನರ ಜೊತೆ ಮಾತಾಡುತ್ತಾ, ಕಾಡಿನ ಅಂಚಿನಲ್ಲಿ ಅಡ್ಡಾಡುತ್ತಾ ಹೊತ್ತು ಕಳೆಯೋದು. ಗುಡ್ಡದ ಪರಿಚಯ ಆಗಿದ್ದು ಹಾಗೆ.

ನದಿಯ ಕಥೆಯನ್ನು ಎಲ್ಲರೂ ಮೇಲಿನಿಂದ ಕೆಳಗೆ ಹೇಳುತ್ತಾರೆ. ನನ್ನ ಗಾಡಿ ಮಾತ್ರ ಕೆಳಗಿನಿಂದ ಮೇಲೆ ಹೋಗುತ್ತದೆ. ಗಾಣಗಾಪುರದಲ್ಲಿ ಅಮರ್ಜಾ ಬಂದು ಕೂಡುವಾಗ ಭೀಮೆ ದೊಡ್ಡ ಹೊಳೆ. ಪಂಢರಪುರದಲ್ಲಿ ಅರ್ಧಚಂದ್ರದ ಹಾಗೆ ತಿರುಗುವುದರಿಂದ ಅವಳು ಚಂದ್ರಭಾಗಾ. ಸೋಲಾಪುರ ದಾಟಿ ಟೆಂಭುರ್ಣಿ ಬಿಟ್ಟ ಮೇಲೆ ಉಜನಿ ಕಟ್ಟೆ ಸಿಗುತ್ತದೆ. 1980ರಲ್ಲಿ ಮುಗಿದ ಅಣೆಕಟ್ಟು ಅದು. ಒಟ್ಟು 117 ಟಿಎಂಸಿ ಹಿಡಿಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ ಸುಮಾರು 63 ಟಿಎಂಸಿ, ಕಾಲುವೆಗೆ ತಾನಾಗಿ ಹರಿಯದ ತಳದ ನೀರು. ನೀರು ಆ ಮಟ್ಟಕ್ಕಿಂತ ಕೆಳಗಿಳಿದರೆ ಮೈನಸ್ ಅನ್ನುತ್ತಾರೆ. ಇಂದಾಪುರ, ಭಿಗ್ವಣ ತನಕ ರಸ್ತೆ ಪಕ್ಕದ ಊರುಗಳಿಗೆಲ್ಲ ಅದೇ ಹಿನ್ನೀರು. ಚಳಿಗಾಲದಲ್ಲಿ ಅಲ್ಲಿಗೆ ರಾಜಹಂಸಗಳು ಬರುತ್ತವೆ, ಮಕ್ಕಳಿದ್ದರೆ ಗಾಡಿ ನಿಲ್ಲಿಸಿ ತೋರಿಸುತ್ತೇನೆ. ಪುಣೆ, ಚಾಕಣ ದಾಟಿದರೆ ರಾಜಗುರುನಗರ. ಭಗತ್ ಸಿಂಗ್ ಜೊತೆ ಗಲ್ಲಿಗೇರಿದ ರಾಜಗುರು ಅವರ ಊರು. ಅಲ್ಲಿ ಮತ್ತೆ ಭೀಮೆಯನ್ನು ದಾಟಬೇಕು. ಸೇತುವೆ ಮೇಲೆ ಗಾಡಿ ನಿಧಾನ ಮಾಡಿ 'ಇದೇ ನಮ್ಮ ಹೊಳಿ' ಅಂದರೆ ಹಿಂದೆ ಕೂತ ಅಜ್ಜಿಯರು ನಂಬುವುದಿಲ್ಲ. 'ಇಷ್ಟೇ ಏನೋ ಯಪ್ಪಾ?' ಅನ್ನುತ್ತಾರೆ.

ಮಂಚರ್, ಘೋಡೆಗಾಂವ್ ಬಿಟ್ಟು ಘಟ್ಟ ಏರಲು ಶುರು ಮಾಡಿದರೆ ಗಾಳಿಯೇ ಬೇರೆ. ಕಲಬುರಗಿಯಲ್ಲಿ ವರ್ಷಕ್ಕೆ 700-800 ಮಿಲಿಮೀಟರ್ ಮಳೆ ಬಿದ್ದರೆ ನಾವು ಒಳ್ಳೆ ವರ್ಷ ಅನ್ನುತ್ತೇವೆ. ಈ ಗುಡ್ಡದ ಮೇಲೆ ಬೀಳೋದು 3000 ಮಿಲಿಮೀಟರ್ ಆಸುಪಾಸು. ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾರಣ ಸರಳ. ಅರಬ್ಬಿ ಸಮುದ್ರದ ಮೋಡ ಕೊಂಕಣದ ಬಯಲು ದಾಟಿ ಬಂದು ಈ ಕಡಿದಾದ ಗೋಡೆಗೆ ತಾಗುತ್ತದೆ. ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಸುರಿದುಬಿಡುತ್ತದೆ. ಸೋಲಾಪುರ, ಅಫಜಲಪುರ ತಲುಪುವ ಹೊತ್ತಿಗೆ ಮೋಡದಲ್ಲಿ ಉಳಿದಿರುವುದು ನೆರಳಷ್ಟೇ. ನಮಗೆ ಬರಬೇಕಾದ ಮಳೆಯನ್ನು ಆ ಗುಡ್ಡ ತಡೆಯುತ್ತದೆ, ತಡೆದದ್ದನ್ನು ನದಿ ಮಾಡಿ ನಮ್ಮ ಕಡೆಗೇ ಕಳಿಸುತ್ತದೆ. 861 ಕಿಲೋಮೀಟರ್ ಹರಿದು, ಯಾದಗಿರಿ ದಾಟಿ, ರಾಯಚೂರು ಜಿಲ್ಲೆಯ ಕಾಡ್ಲೂರು ಹತ್ತಿರ ಕೃಷ್ಣೆಗೆ ಸೇರುವ ಹೊಳೆ ಅದು.

ಗುಡ್ಡದ ಕಲ್ಲೂ ನಮಗೆ ಹೊಸದಲ್ಲ. ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲು. ಅದೇ ಕಲ್ಲಿನ ಹಾಸು ನಮ್ಮ ಆಳಂದ, ಅಫಜಲಪುರದ ತನಕ ಬಂದಿದೆ. ನಮ್ಮ ಎರೆ ಮಣ್ಣು ಆದದ್ದು ಅದು ಸವೆದೇ. ಶಹಾಬಾದ್, ವಾಡಿ ಕಡೆ ಹೋದರೆ ಮಾತ್ರ ಸುಣ್ಣದ ಕಲ್ಲು ಶುರು. ಆ ಕಲ್ಲಿನ ಪದರಗಳಿಗೂ ಭೂವಿಜ್ಞಾನದವರು ಭೀಮೆಯ ಹೆಸರನ್ನೇ ಇಟ್ಟಿದ್ದಾರೆ.

ದೇವಸ್ಥಾನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹೋದವರಿಗೆ ಗೊತ್ತು, ಹೋಗದವರು ಹೋಗಿ ನೋಡಲಿ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು. 2023ರಲ್ಲಿ ಅಸ್ಸಾಂ ಸರ್ಕಾರ ಆ ಜ್ಯೋತಿರ್ಲಿಂಗ ನಮ್ಮಲ್ಲಿದೆ ಅಂತ ಜಾಹೀರಾತು ಕೊಟ್ಟಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲ ಆಗಿತ್ತು. ದೇವರಿಗೆ ಇಬ್ಬರು ಹಕ್ಕುದಾರರು, ಕಾಡಿಗೆ ಒಬ್ಬರೂ ಇಲ್ಲ ಅಂತ ನಗು ಬಂತು. ಮೆಟ್ಟಿಲು ಇಳಿದರೆ ಹಳೆಯ ಗುಡಿ, ಎದುರಿಗೆ ದೊಡ್ಡ ಗಂಟೆ. 1739ರಲ್ಲಿ ವಸಈ ಗೆದ್ದ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ತಂದದ್ದು ಅನ್ನುತ್ತಾರೆ. ತ್ರಿಪುರಾಸುರನನ್ನು ಕೊಂದು ದಣಿದ ಶಿವ ಇಲ್ಲಿ ಕೂತ, ಅವನ ಬೆವರೇ ಭೀಮೆಯಾಯಿತು ಅಂತ ಸ್ಥಳದ ಕಥೆ. ಗುಡಿಯಿಂದ ಕಾಡಿನೊಳಗೆ ನಡೆದುಹೋದರೆ ಗುಪ್ತ ಭೀಮಾಶಂಕರ. ಹಳ್ಳದ ನೀರಿನಲ್ಲಿ ಒಂದು ಲಿಂಗ. ನಮ್ಮ ಹೊಳೆಯ ಮೊದಲ ನೀರು ಕಣ್ಣಿಗೆ ಕಾಣುವುದು ಅಲ್ಲಿ. ಅಲ್ಲಿ ನಮ್ಮವರು ಏನು ಮಾಡುತ್ತಾರೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಕಾಡಿನ ಮಾತಿಗೆ ಬರೋಣ. 1985ರಲ್ಲಿ ವನ್ಯಜೀವಿ ಧಾಮ ಆಯಿತು. ಸುಮಾರು 130 ಚದರ ಕಿಲೋಮೀಟರ್. ನಮ್ಮ ಚಿಂಚೋಳಿ ವನ್ಯಜೀವಿ ಧಾಮವೂ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು. ಕುಂಚಾವರಂ ಕಾಡಿನ ನೀರು ಮುಲ್ಲಾಮಾರಿ, ಕಾಗಿಣಾ ಹಿಡಿದು ಕೊನೆಗೆ ಭೀಮೆಗೇ ಸೇರುತ್ತದೆ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆದರೆ ಎರಡೂ ಕಾಡು ಒಂದೇ ಥರ ಇಲ್ಲ. ಚಿಂಚೋಳಿಯದು ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಒಣ ಕಾಡು. ಭೀಮಾಶಂಕರದಲ್ಲಿ ಏಪ್ರಿಲ್‌ನಲ್ಲೂ ಬಹಳಷ್ಟು ಮರ ಹಸಿರಾಗಿರುತ್ತವೆ. ನೇರಳೆ, ಮಾವು, ಅತ್ತಿ, ಅಂಜನಿ, ಅಳಲೆ. ಮೇಲೆ ಕೊಂಬೆಗೆ ಕೊಂಬೆ ಹೆಣೆದುಕೊಂಡಿರುತ್ತದೆ. ಕೆಳಗೆ ಬಿದ್ದ ಎಲೆ ಕೊಳೆತು ಮೆತ್ತಗಾಗಿರುತ್ತದೆ. ನಾವು ಬೇಸಿಗೆಯಲ್ಲಿ ನೀರಿನ ಗಡಿಗೆಗೆ ಒದ್ದೆ ಗೋಣಿ ಸುತ್ತುತ್ತೇವಲ್ಲ, ಆ ನೆಲ ಹಾಗೆ. ಸುರಿದ ಮಳೆಯನ್ನು ಒಮ್ಮೆಲೇ ಬಿಡುವುದಿಲ್ಲ. ಹೀರಿಕೊಂಡು ನಿಧಾನಕ್ಕೆ ಒಸರುತ್ತದೆ.

ಮಳೆಗಾಲದ ರಾತ್ರಿಗಳಲ್ಲಿ ಅಲ್ಲಿ ಕೊಳೆತ ಕಟ್ಟಿಗೆಯ ಮೇಲೆ ಬೆಳೆಯುವ ಒಂದು ಜಾತಿ ಅಣಬೆ ಹಸಿರಾಗಿ ಮಿನುಗುತ್ತದೆ. ನಾನು ನೋಡಿಲ್ಲ. ಅದನ್ನು ನೋಡಲು ಪುಣೆ, ಮುಂಬೈಯಿಂದ ಹುಡುಗರು ಟಾರ್ಚ್ ಹಿಡಿದು ಬರುತ್ತಾರೆ. ಕತ್ತಲಲ್ಲಿ ಮಾತ್ರ ಕಾಣುವ ವಸ್ತು ನೋಡಲು ಟಾರ್ಚ್ ಯಾಕೆ ಅಂತ ಅವರನ್ನೇ ಕೇಳಬೇಕು.

ನಾನು ಕಣ್ಣಾರೆ ಕಂಡದ್ದು ಶೇಕರು. ನಮ್ಮಲ್ಲಿ ಕೆಂಜಳಿಲು ಅನ್ನುತ್ತಾರೆ. ಮಹಾರಾಷ್ಟ್ರದ ರಾಜ್ಯ ಪ್ರಾಣಿ ಅದು. ಈ ಧಾಮ ಆಗಿದ್ದೇ ಮುಖ್ಯವಾಗಿ ಅದರ ಸಲುವಾಗಿ. ನಮ್ಮ ಹೊಲದ ಅಳಿಲು ನೆನಪಿಟ್ಟುಕೊಂಡು ನೋಡಿದರೆ ಬೆಚ್ಚಿಬೀಳುತ್ತೀರಿ. ಬಾಲ ಸೇರಿ ಮೂರು ಅಡಿ ಹತ್ತಿರ ಬರುತ್ತದೆ. ಮೈ ಕಂದುಗೆಂಪು, ಹೊಟ್ಟೆ ಬೆಣ್ಣೆ ಬಣ್ಣ. ನೆಲಕ್ಕೆ ಇಳಿಯೋದೇ ಅಪರೂಪ. ಎತ್ತರದಲ್ಲಿ ಎರಡು ಮರದ ಕೊಂಬೆ ಕೂಡುವ ಕಡೆ ಕಡ್ಡಿ, ಎಲೆ ಸೇರಿಸಿ ಚೆಂಡಿನಂಥ ಗೂಡು ಕಟ್ಟುತ್ತದೆ. ಒಂದಲ್ಲ, ನಾಲ್ಕಾರು. ತಿನ್ನೋದು, ಮಲಗೋದು, ಮರಿ ಸಾಕೋದು ಎಲ್ಲ ಮೇಲೇ.

ಅದು ಒಂದು ಮರದಿಂದ ಇನ್ನೊಂದಕ್ಕೆ ಇಪ್ಪತ್ತು ಅಡಿ ತನಕ ಹಾರಬಲ್ಲದು. ಇದನ್ನು ಕೇಳಿದಾಗ ಡ್ರೈವರ್ ತಲೆಯಲ್ಲಿ ಬೇರೆಯೇ ಲೆಕ್ಕ ಓಡಿತು. ಎರಡು ಲೇನಿನ ಡಾಂಬರು ರಸ್ತೆ ಅಂದರೆ ಏಳು ಮೀಟರ್, ಇಪ್ಪತ್ತಮೂರು ಅಡಿ. ಎರಡೂ ಬದಿಗೆ ಮಣ್ಣಿನ ಅಂಚು, ಚರಂಡಿ ಬೇರೆ. ಅದಕ್ಕೆ ಮರ ಕಡಿದರೆ ಶೇಕರುಗೆ ಆ ರಸ್ತೆ ಮುಗಿಯಿತು. ಈ ಕಡೆಯದು ಈ ಕಡೆ, ಆ ಕಡೆಯದು ಆ ಕಡೆ. ರಸ್ತೆ ಹಳೆಯದಾಗಿ, ಇಕ್ಕಟ್ಟಾಗಿ, ಮೇಲೆ ಕೊಂಬೆ ಕೂಡಿದ್ದರೆ ನಮಗೆ ಅರ್ಧ ಗಂಟೆ ತಡ ಆಗುತ್ತದೆ, ಅದಕ್ಕೆ ಜೀವ ಉಳಿಯುತ್ತದೆ. 'ರಸ್ತೆ ಅಗಲ ಮಾಡ್ರಿ, ಭಕ್ತರಿಗೆ ತ್ರಾಸ ಆಗ್ತದ' ಅಂತ ಕೂಗುವವರಲ್ಲಿ ಡ್ರೈವರ್‌ಗಳೇ ಮುಂದೆ. ನಾನು ಆ ಗುಂಪಿನಲ್ಲಿ ಇಲ್ಲ ಅಂತ ಇಲ್ಲಿ ಬರೆದುಕೊಡುತ್ತೇನೆ.

ಗುಡ್ಡ ಕಡಿದರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಘೋಡೆಗಾಂವ್ ಇರುವ ಅಂಬೇಗಾಂವ್ ತಾಲ್ಲೂಕಿನಲ್ಲೇ, ಡಿಂಭೆ ಅಣೆಕಟ್ಟಿನ ಕಡೆ, ಮಾಳೀಣ ಅನ್ನುವ ಊರು ಇತ್ತು. 2014ರ ಜುಲೈ 30ರ ಬೆಳಿಗ್ಗೆ ಜೋರು ಮಳೆಯಲ್ಲಿ ಗುಡ್ಡವೇ ಜಾರಿ ಊರಿನ ಮೇಲೆ ಬಿತ್ತು. 150ಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಮೊದಲು ಗೊತ್ತಾಗಿದ್ದು ಯಾರಿಗೆ ಗೊತ್ತಾ? ದಿನದ ಹಾಗೆ ಆ ದಾರಿಯಲ್ಲಿ ಬಂದ ಸರ್ಕಾರಿ ಬಸ್ಸಿನ ಡ್ರೈವರ್‌ಗೆ. ಬಂದು ನೋಡಿದರೆ ಊರೇ ಇಲ್ಲ. ಘಟ್ಟದಲ್ಲಿ ಸಿಗುವ ಡ್ರೈವರ್‌ಗಳು ಈಗಲೂ ಈ ವಿಷಯ ತೆಗೆದರೆ ದನಿ ತಗ್ಗಿಸುತ್ತಾರೆ. ಮಳೆ ಅತಿಯಾಗಿತ್ತು, ಅದು ನಿಜ. ಆದರೆ ಇಳಿಜಾರು ಕಡಿದು ಸಮ ಮಾಡಿ ಹೊಲ ಮಾಡಿದ್ದು, ಮರ ಹೋಗಿದ್ದು ಕೂಡ ಕಾರಣ ಅಂತ ಆಗ ದೊಡ್ಡ ಚರ್ಚೆ ನಡೆಯಿತು.

ಅದಕ್ಕೂ ಮೊದಲು, 2011ರಲ್ಲಿ, ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ ವರದಿ ಕೊಟ್ಟಿತ್ತು. ಭೀಮಾಶಂಕರದ ಪಕ್ಕದ ಗುಡ್ಡಗಳಲ್ಲಿ ಗಾಳಿಯಂತ್ರ ನಿಲ್ಲಿಸಲು ಕಡಿದಾದ ರಸ್ತೆ ಕಡಿದ ವಿಷಯ ಅದರಲ್ಲಿದೆ. ಗಾಳಿಯಿಂದ ಕರೆಂಟು ಮಾಡೋದು ಒಳ್ಳೆಯದೇ, ನಮ್ಮ ಜಿಲ್ಲೆಯ ಬಯಲಲ್ಲಿ ಬೇಕಾದಷ್ಟು ಮಾಡಲಿ. ಆದರೆ ಗುಡ್ಡದ ನೆತ್ತಿಗೆ ಲಾರಿ ಹೋಗುವ ರಸ್ತೆ ಮಾಡಿದರೆ ಕಡಿದ ಕಲ್ಲು ಮಣ್ಣು ಎಲ್ಲಿಗೆ ಹೋಗಬೇಕು? ಹಳ್ಳಕ್ಕೆ. ಹಳ್ಳದಿಂದ ಹೊಳೆಗೆ. ಹೊಳೆಯಿಂದ ಅಣೆಕಟ್ಟಿಗೆ. ಅಣೆಕಟ್ಟಿನಲ್ಲಿ ಹೂಳು ಕೂತಷ್ಟು ನೀರಿನ ಜಾಗ ಕಡಿಮೆ. ಜಾಗ ಕಡಿಮೆಯಾದರೆ ಬೇಸಿಗೆಯಲ್ಲಿ ಕೊನೆಗೆ ಕೈಚಾಚಿ ನಿಲ್ಲುವವರು ಯಾರು? ಕೊನೆಯಲ್ಲಿರುವ ನಾವೇ ಅಲ್ವಾ?

ಹಾಗಂತ ಕಾಡು ಉಳಿಸಿದರೆ ಭೀಮೆ ಬೇಸಿಗೆಯಲ್ಲೂ ಉಕ್ಕಿ ಹರಿಯುತ್ತಾಳೆ ಅಂತ ನಾನು ಹೇಳುತ್ತಿಲ್ಲ. ಮಧ್ಯದಲ್ಲಿ ಚಾಸಕಮಾನ್ ಅಣೆಕಟ್ಟು ಇದೆ, ಉಜನಿ ಇದೆ, ಪುಣೆಯಂಥ ನಗರ ಇದೆ, ಸೋಲಾಪುರ ಜಿಲ್ಲೆಯ ಕಬ್ಬು ಇದೆ. ನಮ್ಮ ಕಡೆಯ ಕಬ್ಬೂ ಕಮ್ಮಿ ಏನಿಲ್ಲ. ನಮ್ಮ ಮನೆಯದೂ ಸೇರಿ ಹೇಳುತ್ತಿದ್ದೇನೆ. ಹೊಳೆಯಿಂದ ರಾತ್ರೋರಾತ್ರಿ ಮರಳು ಹೋಗೋದು ಕೂಡ ಎಲ್ಲರಿಗೂ ಗೊತ್ತು. ಗೇಟಿನ ಜಗಳ ನಿಜವಾದ ಜಗಳ. ಕೃಷ್ಣಾ ಕೊಳ್ಳದ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಭೀಮೆಯಲ್ಲಿ ನಮಗೆ 15 ಟಿಎಂಸಿ ಹೇಳಿದೆ, ಅದನ್ನು ಕೇಳಲೇಬೇಕು. 2024ರ ಬೇಸಿಗೆಯಲ್ಲಿ ಅಫಜಲಪುರದಲ್ಲಿ ನೀರಿಗಾಗಿ ಉಪವಾಸ ಕೂತವರು ಸುಮ್ನೆ ಕೂತಿರಲಿಲ್ಲ. ನನ್ನ ಮಾತು ಇಷ್ಟೇ. ಹಂಚಿಕೊಳ್ಳುವುದರ ಬಗ್ಗೆ ಇಷ್ಟು ಮಾತಾಡುವ ನಾವು, ಹಂಚಿಕೊಳ್ಳಲು ನೀರು ಬರುವ ಜಾಗದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಎರಡು ರಾಜ್ಯದ ಮಂತ್ರಿಗಳು, ಎಂಜಿನಿಯರ್‌ಗಳು ಕೂತು ಮಾತಾಡುವಾಗ 'ಇಷ್ಟು ಕ್ಯುಸೆಕ್ ಬಿಡಿ' ಅನ್ನುವುದರ ಜೊತೆಗೆ 'ಮೇಲಿನ ಕಾಡು ಹೇಗಿದೆ, ಅದರ ಅಂಚಿನಲ್ಲಿ ಏನು ಕಟ್ಟುತ್ತಿದ್ದೀರಿ' ಅಂತ ಕೇಳುವ ಹಕ್ಕು ಕರ್ನಾಟಕಕ್ಕಿದೆ. ಕೆಳಗಿನ ದಂಡೆಯವರ ಹಕ್ಕು ಬರೀ ನೀರಿನ ಮೇಲಲ್ಲ, ನೀರಿನ ಮೂಲದ ಮೇಲೂ ಇದೆ ಅಂತ ನನ್ನ ನಂಬಿಕೆ. ವಕೀಲರು ಏನನ್ನುತ್ತಾರೋ ಅನ್ನಲಿ.

ಈಗ ಸಂಪಾದಕರೇ, ನಿಮ್ಮ ಹತ್ತಿರ ಒಂದು ಕೆಲಸ ಇದೆ. ಮಳೆಗಾಲದಲ್ಲಿ ನಿಮ್ಮ ಪತ್ರಿಕೆಯಲ್ಲಿ ದಿನಾ ಜಲಾಶಯಗಳ ಪಟ್ಟಿ ಬರುತ್ತದೆ. ಆಲಮಟ್ಟಿ, ನಾರಾಯಣಪುರ, ತುಂಗಭದ್ರಾ, ಕೆಆರ್‌ಎಸ್, ಕಬಿನಿ, ಲಿಂಗನಮಕ್ಕಿ ಎಲ್ಲ ಇರುತ್ತವೆ. ನಮ್ಮ ಹೊಳೆಯನ್ನು ಆಳುವ ಉಜನಿ ಇರುವುದಿಲ್ಲ, ಯಾಕೆಂದರೆ ಅದು ಬೇರೆ ರಾಜ್ಯದ್ದು. ಕಲಬುರಗಿ, ಯಾದಗಿರಿ ಆವೃತ್ತಿಗಾದರೂ ಒಂದು ಸಾಲು ಸೇರಿಸಿ. ಉಜನಿಯ ಮಟ್ಟ, ಒಳಹರಿವು, ಹೊರಹರಿವು. ಅದರ ಕೆಳಗೆ ಇನ್ನೊಂದು ಸಾಲು, ಭೀಮಾಶಂಕರದ ಕಡೆ ಹಿಂದಿನ ದಿನ ಬಿದ್ದ ಮಳೆ. ಇದಕ್ಕೆ ಜಾಗ ಎಷ್ಟು ಬೇಕು? ಒಂದು ಬೆರಳಿನಷ್ಟು.

ಇದು ಗುಡ್ಡದ ಮೇಲಿನ ಪ್ರೀತಿಗೆ ಮಾತ್ರ ಕೇಳುತ್ತಿಲ್ಲ, ಉಪಯೋಗವೂ ಇದೆ. 2019ರ ಆಗಸ್ಟ್‌ನಲ್ಲಿ ಹೊಳೆ ಏರಿದ್ದು ಘಟ್ಟದಲ್ಲಿ ಸುರಿದ ಮಳೆಯಿಂದ. ಆ ಮಳೆ ಮೊದಲು ಅಲ್ಲಿಯ ಅಣೆಕಟ್ಟುಗಳನ್ನು ತುಂಬಿಸಿತು. ಆಮೇಲೆ ಉಜನಿ ತುಂಬಿತು. ಆಮೇಲೆ ನಮಗೆ ಬಂತು. ಪಟ್ಟಿ ಇದ್ದಿದ್ದರೆ ದಿನ ಮೊದಲೇ ಅಂದಾಜು ಸಿಗುತ್ತಿತ್ತು. 2020ರ ಅಕ್ಟೋಬರ್‌ನ ಮಹಾಪೂರದ ಕಥೆ ಬೇರೆ. ಅದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತೆಲಂಗಾಣದ ಮೇಲಿಂದ ಬಂದು ನಮ್ಮಲ್ಲಿ, ಸೋಲಾಪುರದಲ್ಲಿ ಸುರಿದದ್ದು. ಆಗ ಗುಡ್ಡದ್ದು ಏನೂ ತಪ್ಪಿಲ್ಲ. ಹೊಳೆ ದಂಡೆಯ ಊರುಗಳಲ್ಲಿ ಜನ ಮನೆ ಬಿಟ್ಟು ಗುಡಿ, ಶಾಲೆ ಸೇರಿದ ದಿನಗಳವು. ಎರಡೂ ಸಲ ನಮ್ಮವರು ಬೈದದ್ದು ಮಾತ್ರ ಉಜನಿಯವರನ್ನೇ. ಯಾವ ನೀರು ಎಲ್ಲಿಂದ ಬಂತು ಅನ್ನೋದು ಗೊತ್ತಿದ್ದರೆ ಬೈಯೋದು ಕೂಡ ಸರಿಯಾದ ಜಾಗಕ್ಕೆ ತಲುಪುತ್ತದೆ.

ಉಳಿದದ್ದು ನಮ್ಮ ಯಾತ್ರಿಕರ ವಿಷಯ. ಗುಪ್ತ ಭೀಮಾಶಂಕರದಲ್ಲಿ ನಮ್ಮವರು ಏನು ಮಾಡುತ್ತಾರೆ ಅಂತ ಹೇಳುತ್ತೇನೆ ಅಂದಿದ್ದೆ. ಸೋಪು ಹಚ್ಚಿ ಸ್ನಾನ ಮಾಡುತ್ತಾರೆ. ಮೈ ಮೇಲಿನ ಹಳೆ ಬಟ್ಟೆ ಅಲ್ಲೇ ಬಿಡುತ್ತಾರೆ. ಸಂಗಮಗಳಲ್ಲಿ ಬಟ್ಟೆ ಬಿಡುವ ರೂಢಿಯನ್ನು ಕಾಡಿನ ಒಳಗಿನ ಹಳ್ಳಕ್ಕೂ ತೆಗೆದುಕೊಂಡು ಹೋಗಿದ್ದಾರೆ. ಒಂದು ಸಲ ಯಾವುದೋ ಗಾಡಿಯವರು ಥರ್ಮಾಕೋಲ್ ತಟ್ಟೆಯಲ್ಲಿ ಊಟ ಮಾಡಿ ಅಷ್ಟನ್ನೂ ಪೊದೆಗೆ ಎಸೆದರು. ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನು ಆರಿಸಲು ಹೋದರೆ 'ನೀ ಯಾರಪಾ, ಫಾರೆಸ್ಟ್‌ನವನೇನು?' ಅಂದರು. ನಮ್ಮ ಹಿರಿಯರು ಕಟಕ ರೊಟ್ಟಿ, ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಉಂಡ ಮೇಲೆ ಬಟ್ಟೆ ಝಾಡಿಸಿ ಮಡಚಿದರೆ ಆಯ್ತು. ಈಗ ಬುತ್ತಿ ತರೋದು ಬಡತನ ಅನ್ನೋ ಹಾಗಾಗಿದೆ.

ಮಂಗಗಳಿಗೆ ಬಿಸ್ಕತ್ತು ಕೊಡೋದು ಇನ್ನೊಂದು ರೋಗ. ಕೊಟ್ಟವರು ಪುಣ್ಯ ಅಂದುಕೊಂಡು ಹೋಗುತ್ತಾರೆ. ಮರುದಿನ ಆ ಮಂಗ ಯಾವುದೋ ಮಗುವಿನ ಕೈ ಪರಚುತ್ತದೆ.

ಅಲ್ಲಿ ಹೂ ಕಾಯಿ ಅಂಗಡಿ ಇಟ್ಟುಕೊಂಡ ಒಬ್ಬ ಹಿರಿಯರ ಪರಿಚಯ ನನಗಿದೆ. ಮಹಾದೇವ ಕೋಳಿ ಬುಡಕಟ್ಟಿನವರು, ಕಾಡಿನ ಊರಿನವರು. ಅವರ ಮನೆಯವರು ಅಳಲೆಕಾಯಿ ಆರಿಸಿ ಒಣಗಿಸಿ ಮಾರುತ್ತಾರೆ. ಅವರು ಅದಕ್ಕೆ ಹಿರ್ಡಾ ಅನ್ನುತ್ತಾರೆ, ನಮ್ಮ ತ್ರಿಫಲಾ ಚೂರ್ಣಕ್ಕೆ ಹೋಗೋದು ಅದೇ. ಅವರ ಊರಿನ ಪಕ್ಕ ದೇವರಾಯಿ ಇದೆ. ದೇವರಿಗೆ ಬಿಟ್ಟ ಕಾಡು, ಅಲ್ಲಿ ಒಣ ಕಡ್ಡಿಯನ್ನೂ ಮುರಿಯುವುದಿಲ್ಲವಂತೆ. ಅವರು ನನಗೆ ಮರಾಠಿಯಲ್ಲಿ ಒಂದು ಸಲ ಕೇಳಿದರು, 'ನಾವು ಕಾಡಿನಿಂದ ಒಂದು ಹೊರೆ ಕಟ್ಟಿಗೆ ತಂದರೆ ಕಾಯ್ದೆ ಹೇಳುತ್ತಾರೆ. ಹಬ್ಬದ ದಿನ ಸಾವಿರಾರು ಗಾಡಿ ಬಂದು ಹೊಗೆ ಬಿಟ್ಟು ಹೋದರೆ ಯಾವ ಕಾಯ್ದೆ?' ನನ್ನ ಗಾಡಿಯೂ ಆ ಸಾವಿರದಲ್ಲಿ ಒಂದು. ಏನು ಉತ್ತರ ಕೊಡಲಿ? ಚಹಾ ಕುಡಿದು ಎದ್ದೆ.

ಕಲಬುರಗಿಯ ಒಬ್ಬ ಏಜೆಂಟರು ಹೋದ ವರ್ಷ ನನಗೆ ಹೇಳಿದ್ದು ಹೀಗೆ. ಲಾಡ್ಜ್ ಖರ್ಚು ಉಳಿಯಬೇಕಾದರೆ ರಾತ್ರಿ ಎರಡಕ್ಕೆ ಘಟ್ಟ ಹತ್ತು, ನಾಲ್ಕಕ್ಕೆ ಸಾಲಿಗೆ ನಿಲ್ಲಿಸು, ಹತ್ತಕ್ಕೆ ಇಳಿದುಬಿಡು. ವನ್ಯಜೀವಿ ಧಾಮದ ರಸ್ತೆಯಲ್ಲಿ ರಾತ್ರಿ ಎರಡಕ್ಕೆ ಓಡಾಡುವ ಹಕ್ಕು ಚಿರತೆಗೆ, ಕಡವೆಗೆ, ಮುಳ್ಳುಹಂದಿಗೆ ಇರೋದು, ಕ್ರೂಸರ್‌ಗೆ ಅಲ್ಲ. ತಿರುವಿನಲ್ಲಿ ದೀಪದ ಬೆಳಕಿಗೆ ಕಣ್ಣು ಕುಕ್ಕಿ ನಿಂತ ಕಾಡುಕುರಿಯನ್ನು ನಾನು ನೋಡಿದ್ದೇನೆ. ಬ್ರೇಕ್ ಹಿಡಿಯಿತು, ಅದು ಬದುಕಿತು. ಎಲ್ಲರ ಬ್ರೇಕೂ ಹಿಡಿಯುವುದಿಲ್ಲ. ಆ ಏಜೆಂಟರ ಕೆಲಸ ನಾನು ಬಿಟ್ಟೆ.

ನಮ್ಮ ಸ್ಟ್ಯಾಂಡಿನ ಗೆಳೆಯರಿಗೂ ಇದನ್ನೇ ಹೇಳುತ್ತೇನೆ. ರಾತ್ರಿ ಮಂಚರ್‌ನಲ್ಲೋ ಘೋಡೆಗಾಂವ್‌ನಲ್ಲೋ ಮಲಗಿ, ಬೆಳಕು ಹರಿದ ಮೇಲೆ ಘಟ್ಟ ಹತ್ತಿ, ಕತ್ತಲಾಗುವ ಮೊದಲು ಇಳಿಯಿರಿ. ಕಾಡಿನಲ್ಲಿ ಟೇಪ್ ಬಂದ್ ಮಾಡಿ, ಹಾರ್ನ್ ತಿರುವಿನಲ್ಲಿ ಮಾತ್ರ. ಶ್ರಾವಣ ಸೋಮವಾರ ಬಿಟ್ಟು ಬೇರೆ ವಾರ ಹೋದರೂ ದೇವರು ಅಲ್ಲೇ ಇರುತ್ತಾನೆ. ಸಾಲು ಕಮ್ಮಿ, ಟ್ರಾಫಿಕ್ ಕಮ್ಮಿ, ಡೀಸೆಲ್ಲೂ ಕಮ್ಮಿ. ಗಾಡಿಯಲ್ಲಿ ಎರಡು ಗೋಣಿ ಚೀಲ ಇಡಿ. ಕಸ ಅದರಲ್ಲಿ ಹಾಕಿಸಿ ಕೆಳಗಿನ ಊರಿಗೆ ತಂದು ಬಿಡಿ. ನೀರಿನ ಬಾಟಲಿ ಬದಲು ಒಂದು ದೊಡ್ಡ ಕ್ಯಾನ್ ಸಾಕು.

ಈ ಶ್ರಾವಣಕ್ಕೆ ನನ್ನ ಗಾಡಿ ಬುಕ್ ಮಾಡಿದವರಿಗೆ ಮೊದಲೇ ನಾಲ್ಕು ಕರಾರು ಹೇಳಿದ್ದೇನೆ. ರಾತ್ರಿ ಘಟ್ಟ ಹತ್ತುವುದಿಲ್ಲ. ಥರ್ಮಾಕೋಲ್ ತಟ್ಟೆ ಗಾಡಿಗೆ ಹತ್ತುವುದಿಲ್ಲ. ಗುಪ್ತ ಭೀಮೆಯಲ್ಲಿ ಸೋಪು ಇಲ್ಲ, ಬಟ್ಟೆ ಬಿಡುವುದಿಲ್ಲ. ಮಂಗಕ್ಕೆ ಏನೂ ಕೊಡುವುದಿಲ್ಲ. ಒಪ್ಪದವರು ಬೇರೆ ಗಾಡಿ ನೋಡಿಕೊಳ್ಳಬಹುದು ಅಂದೆ. ಒಂದು ಮನೆಯವರು ನೋಡಿಕೊಂಡರು. ಉಳಿದವರು ಅಡ್ವಾನ್ಸ್ ಕೊಟ್ಟಿದ್ದಾರೆ.

ಇತಿ ತಮ್ಮ ಓದುಗ,
ಒಬ್ಬ ಕ್ರೂಸರ್ ಚಾಲಕ,
ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ